ನೆಲದಿಂದ ಸೀಟಿಗೆ

ನೂರಡಿ ರಸ್ತೆಯ ಅಂಗಡಿಗೆ ಬೀಗ ಹಾಕಿ
ಕೊರಳಲ್ಲಿ ಟೇಪು ಹಾಗೇ ಮರೆತು
ಮಂಡ್ಯದಿಂದ ಬಂದುಬಿಟ್ಟಿದ್ದೆ ಮೈಸೂರಿಗೆ.
ಹಿನಕಲ್ಲಿನ ಶೋರೂಮಿನ ಹುಡುಗ ಮೊದಲು ನೋಡಿದ್ದು ಅದನ್ನೇ.
'ಅಳತೆ ತಗೋತೀರಾ ಮೇಡಂ?' ಅಂದ, ತಮಾಷೆಗೆ.
ತಗೊಂಡೆ.

ಈ ಹೊಸ ಚಿಕ್ಕದು, ನೆಲದಿಂದ ಸೀಟಿಗೆ ಇಪ್ಪತ್ತಾರು ಇಂಚು.
ಹೋದ ಕಾರ್ತೀಕದಲ್ಲಿ ಅತ್ತೆಯ ಮಂಡಿಗೆ ಕೂರಿಸಿದ ಉಕ್ಕು
ಇಷ್ಟಕ್ಕೆ ಒಪ್ಪುತ್ತದೆ.
ಗಾಜಿನ ಆ ತುದಿಯಲ್ಲಿ ನಿಂತ ದೊಡ್ಡದು
ಮೂವತ್ತನಾಲ್ಕು.

ಇವರು ಅದರ ಪಕ್ಕ ಇಸ್ತ್ರಿ ಪ್ಯಾಂಟಿನ ಮಂಡಿ ಊರಿ
ಹೊಟ್ಟೆಯಡಿ ಇಣುಕುತ್ತಿದ್ದಾರೆ, ಹಸು ಕೊಳ್ಳುವವರ ಹಾಗೆ.
'ನೋಡಿಲ್ಲಿ, ಏಣಿ!
ಉಕ್ಕಿನ ಏಣಿ ಮಲಗ್ಸಿ ಅದ್ರ ಮ್ಯಾಲೆ ಮನೆ ಕಟ್ಟವ್ರೆ.
ಮೈ ಹೋದ್ರೂ ಮೂಳೆ ಇರ್ತದೆ ಕಣೆ.'
ಇವರಪ್ಪನ ಜೀಪು ಹಾಗೇ ಇತ್ತಂತೆ:
ಕೆರಗೋಡಿಗೂ ಮಂಡ್ಯಕ್ಕೂ ಹದಿನೆಂಟು ಜನರನ್ನು ತುಂಬಿ
ಮೂರು ಸಲ ತಗಡು ಬದಲಾಯಿಸಿ
ಅದೇ ಏಣಿ, ಇಪ್ಪತ್ತೆರಡು ವರ್ಷ.

ಚಿಕ್ಕದಕ್ಕೆ ಮೈ ಬೇರೆ ಮೂಳೆ ಬೇರೆ ಇಲ್ಲ.
ಹುಡುಗ ಅದನ್ನು ಬಿಡಿಸಿ ಹೇಳಲು ತಡವರಿಸುತ್ತಿದ್ದ;
ನನಗೆ ತಿಳಿದಿತ್ತು. ಲೈನಿಂಗ್ ಕೂಡಿಸಿಯೇ ಕತ್ತರಿಸಿದ ರವಿಕೆ.
ಎಳೆದರೆ ಇಡೀ ಬಟ್ಟೆ ತಡೆಯುತ್ತದೆ, ಒಂದೇ ಹೊಲಿಗೆಯಲ್ಲ.
ಒಮ್ಮೆ ಜೋರಾಗಿ ಹರಿದರೆ ಮಾತ್ರ
ತೇಪೆ ಕಷ್ಟ. ಅದನ್ನೂ ಹೇಳಬೇಕಲ್ಲ.

ಇಲವಾಲದವರೆಗೆ ಎರಡನ್ನೂ ಓಡಿಸಿ ನೋಡಿದೆವು.
ಹಂಪು ಬಂದರೆ ದೊಡ್ಡದು ಮೊದಲು ಯೋಚಿಸಿ ಆಮೇಲೆ ಕುಲುಕುತ್ತದೆ,
ಬೀಗರೂಟ ಮುಗಿಸಿ ಎದ್ದವರ ಹಾಗೆ.
ತಿರುವಿನಲ್ಲಿ ಇಂಚರ ನನ್ನ ಮೇಲೆ ಒರಗಿದಳು,
ಕೊನೆಯ ಸಾಲಿನಲ್ಲಿ ಅವಳ ತಮ್ಮನಿಗೆ ಮೊಣಕಾಲೇ ಗದ್ದದ ದಿಂಬು.
ಚಿಕ್ಕದು ಹೇಳಿದ ಕಡೆ ತಿರುಗಿತು, ಸದ್ದಿಲ್ಲದೆ.
ಗುಂಡಿ ಬಂದಾಗ ಎಲ್ಲರೂ ಕಾಲು ಮೇಲೆತ್ತಿಕೊಂಡೆವು,
ನಮ್ಮ ಹಿಮ್ಮಡಿಯೇ ತಗಲೀತೆಂಬಂತೆ.

'ಊರಲ್ಲಿ ನಾಲೆ ಏರಿ ಮ್ಯಾಲೆ ಓಗ್ಬೇಕು, ಮಳೇಲಿ ಕೆಸರು.'
ವರ್ಷಕ್ಕೆ ಎಷ್ಟು ಸಲ?
'ಪಕ್ಷಕ್ಕೆ ಎಡೆ ಇಕ್ಕಕ್ಕೆ. ಯುಗಾದಿಗೆ.'
ಎರಡು.
ಮಿಕ್ಕ ಮುನ್ನೂರ ಅರವತ್ತಮೂರು ದಿನ
ಟ್ಯೂಷನ್ನು, ತರಕಾರಿ, ಫಾಲು ಹಚ್ಚಿದ ಸೀರೆಗಳ ಕಟ್ಟು...
ಹೇಳಲಿಲ್ಲ. ತುಟಿಯ ನಡುವೆ ಗುಂಡುಪಿನ್ನು ಕಚ್ಚಿದ ಹಾಗೆ
ಕಚ್ಚಿಕೊಂಡೆ.

ಅಷ್ಟರಲ್ಲಿ, ಯಾರ ಮಂಡಿಯ ಹೆಸರಲ್ಲಿ ಇಷ್ಟೆಲ್ಲ ಲೆಕ್ಕವೋ
ಆ ನಮ್ಮತ್ತೆ ಜವರಮ್ಮ
ಸೆರಗು ಸಿಕ್ಕಿಸಿ, ಹಿಡಿಕೆ ಹಿಡಿದು
ಒಂದೇ ಉಸಿರಿಗೆ ದೊಡ್ಡದನ್ನು ಹತ್ತಿ ಕೂತಿದ್ದರು.
'ಕಬ್ಬಿನ್ ಲೋಡ್ ಮ್ಯಾಲೆ ಕುಂತು ಬಂದೋಳು ನಾನು.
ನನ್ ಮಂಡಿ ನೆಪ ಯಾಕ್ ಏಳೀರಿ?
ನಿಮ್ಗೇನ್ ಬೇಕೋ ಅದ ಏಳ್ಕಳಿ.'
ಇಳಿಸಲು ಮಾತ್ರ ಇಬ್ಬರು ಬೇಕಾಯಿತು.

ನನಗೇನು ಬೇಕು?
ಅರ್ಧ ಮಂಡ್ಯದ ಎದೆ ಸೊಂಟ ತೋಳು ಬರೆದಿಟ್ಟ ಪುಸ್ತಕದಲ್ಲಿ
ನನ್ನದೊಂದು ಪುಟವಿಲ್ಲ.
ಲೈಸೆನ್ಸ್ ಬಂದು ಹದಿನಾಲ್ಕು ತಿಂಗಳು,
ಅಂಗಡಿಯ ಡ್ರಾಯರಿನಲ್ಲಿ, ಹಳೇ ಬಿಲ್ಲುಗಳ ಕೆಳಗೆ.

ಡ್ರೈವರ್ ಸೀಟಿನಲ್ಲಿ ಕೂತೆ. ಎರಡರಲ್ಲೂ.
ದೊಡ್ಡದರಲ್ಲಿ ಬಾನೆಟ್ಟಿನ ಮುಂದಿನ ನೆಲವೇ ಕಾಣಲಿಲ್ಲ,
ಕ್ಲಚ್ಚಿಗೆ ಬೆರಳ ತುದಿ.
ಚಿಕ್ಕದರಲ್ಲಿ ಇಡೀ ಪಾದ.
ಕೊರಳಿನ ಟೇಪು ತೆಗೆದು
ಸೊಂಟದಿಂದ ಹಿಮ್ಮಡಿಗೆ, ಹೆಬ್ಬೆರಳಲ್ಲಿ ಒತ್ತಿ ಹಿಡಿದು
ನನ್ನನ್ನೇ ಅಳೆದೆ.

ಇವರು ಆಚೆ ನಿಂತು ದೊಡ್ಡದರ ಟೈರು ಒದೆಯುತ್ತಿದ್ದರು,
ಮೆಲ್ಲಗೆ, ಯಾರಿಗೂ ನೋವಾಗದ ಹಾಗೆ.
ಅಪ್ಪನ ಜೀಪು ಎಲ್ಲಿ ಗುಜರಿಗೆ ಹೋಯಿತೆಂದು
ನಾನು ಯಾವತ್ತೂ ಕೇಳಿಲ್ಲ. ವಾಪಸ್ಸು ಹೋಗುವಾಗ ಕೇಳಬೇಕು.

ಹುಡುಗ ಫಾರಮ್ಮು ಹಿಡಿದು ಬಂದ:
'ಯಾವ ಹೆಸರಿಗೆ ಬರೀಲಿ ಮೇಡಂ?'

ಮೂವತ್ತೇಳೂವರೆ, ಅಂದೆ.