ಎರಡು ಪುಟ ಸಾಕು, ಡಲ್ಸಿ

ಐವತ್ತು ವರ್ಷದ ಚರಿತ್ರೆ, ಎರಡೇ ಪುಟ ಸಾಕು ಎಂದರು
ಹೊಸ ಮುಖ್ಯಸ್ಥೆ, ನನ್ನ ಅರ್ಧ ವಯಸ್ಸಿನವರು.
ಔತಣದ ಕಾರ್ಡಿನ ಹಿಂಬದಿಗೆ ಅಚ್ಚು ಹಾಕಿಸುತ್ತಾರಂತೆ,
ಮುಂಬದಿಯಲ್ಲಿ ಕಾಡ್ ಮೀನು, ಬಟಾಣಿ, ಪುಡಿಂಗು.
ಮೂವತ್ತೊಂದು ವರ್ಷ ಇಲ್ಲಿ ಟೈಪು ಕುಟ್ಟಿದವಳು ನಾನು,
ಇನ್ನಾರಿಗೆ ಹೇಳಿಯಾರು.

ಶುರುವಾದದ್ದು ನೆಲಮಾಳಿಗೆಯಲ್ಲಿ,
ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಮಗ್ಗುಲಲ್ಲಿ.
ಗೋಡೆಗೆ ಕಿವಿಯಿಟ್ಟರೆ ಹಬೆಯ ಕೊಳವೆಗಳ ಏದುಸಿರು.
ಹುಡುಗರು ಸ್ಟೆತಾಸ್ಕೋಪು ಮೊದಲು ಇಟ್ಟು ಕಲಿತದ್ದು ಅಲ್ಲೇ
ಎಂದು ಡಾಕ್ಟರ್ ಬ್ಲಾಗ್ಡನ್ ನಗಿಸುತ್ತಿದ್ದರು.
ಹೃದಯಕ್ಕೆ ಒಂದು ಮಹಡಿ, ಮೂತ್ರಪಿಂಡಕ್ಕೆ ಒಂದು,
ಕಣ್ಣಿಗೆ ಕಡಲು ಕಾಣುವ ಉದ್ದನೆಯ ಪಡಸಾಲೆ.
"ನಿಮ್ಮದು ಯಾವ ಅಂಗ?" ಕೇಳಿದರು ಡೀನ್.
"ಅಡುಗೆಮನೆ" ಎಂದರು ಹೆಡ್ಲಿ ಬ್ಲಾಗ್ಡನ್,
ತಲೆಯ ಉಣ್ಣೆ ಟೋಪಿ ತೆಗೆಯದೆ.

ನ್ಯೂಫೌಂಡ್‌ಲ್ಯಾಂಡಿನ ಉತ್ತರದ ಕೊಲ್ಲಿಗಳಲ್ಲಿ
ಹದಿನೇಳು ವರ್ಷ ದೋಣಿಯಲ್ಲಿ ಊರೂರು ಸುತ್ತಿದವರು.
ಹೆರಿಗೆ ಮಾಡಿಸಿದ ಮಗುವಿಗೇ ಮುಂದೆ ಹಲ್ಲು ಕಿತ್ತು,
ಆ ಹುಡುಗನ ಅಜ್ಜನ ಕಣ್ಣು ಮುಚ್ಚಿಸಿ,
ಅದೇ ಮನೆಯ ಮೇಜಿನಲ್ಲಿ ಚಹಾ ಕುಡಿದು ಬಂದವರು.
ಇದನ್ನು ಪಾಠವೆನ್ನಲು ಕಾಲೇಜಿಗೆ ಧೈರ್ಯ ಸಾಲದು.
ಹಿತ್ತಲ ಗಿಡ ಯಾವ ಸೀಮೆಯಲ್ಲೂ ಮದ್ದಲ್ಲ, ನೋಡಿ.

ಅವರ ಮೊದಲ ಪ್ರಶ್ನೆಪತ್ರಿಕೆಯಲ್ಲಿ
ಮೂರನೆಯ ಪ್ರಶ್ನೆ: ನಿಮ್ಮ ರೋಗಿಯ ನಾಯಿಯ ಹೆಸರೇನು?
ಆರು ಜನರಲ್ಲಿ ಐವರು ಖಾಲಿ ಬಿಟ್ಟರು.
ಯೂನಿಸ್ ಪಾರ್ಡಿ ಮಾತ್ರ ಬರೆದಳು:
"ನಾಯಿ ಸತ್ತು ಒಂಬತ್ತು ದಿನವಾಯಿತು,
ಆತನಿಗೆ ನಿದ್ದೆ ಬಾರದೆ ಎಂಟು."
ಹತ್ತಕ್ಕೆ ಹತ್ತು ಕೊಟ್ಟರು. ಪರೀಕ್ಷಾ ಮಂಡಳಿ ಅದನ್ನು ಆರು ಮಾಡಿತು.

ಅವಳೇ ಮುಂದೆ ಎಲ್ಲರಿಗೂ ಕಲಿಸಿದಳು:
ರೋಗಿ ಮಾತು ಮುಗಿಸಿ ಏಳುತ್ತಾನೆ, ಟೋಪಿ ಹಾಕುತ್ತಾನೆ,
ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ತಿರುಗುತ್ತಾನೆ,
"ಅಂದಹಾಗೆ, ಡಾಕ್ಟ್ರೇ..."
ಅಷ್ಟು ಹೊತ್ತು ಬರೆದದ್ದನ್ನು ಆಗ ಹೊಡೆದುಹಾಕಿ.
ಕಾಯಿಲೆ ಅಲ್ಲಿಂದ ಶುರು.

ಎರಡನೆಯ ಮುಖ್ಯಸ್ಥ ಆನ್ಸೆಲ್ ಗ್ರೀನಿಂಗ್‌ಗೆ ಒಂದೇ ಸಾಲು ಸಿಕ್ಕಿತು, ಪಾಪ.
ಸಂಶೋಧನೆ ಎಲ್ಲಿ ಎಂದು ಮೇಲಿನವರು ಕೇಳಿದ್ದಕ್ಕೆ
ನಾಲ್ಕು ಚಳಿಗಾಲ ಒಂದು ಹಳ್ಳಿಯ ಕೆಮ್ಮನ್ನೆಲ್ಲ ಎಣಿಸಿದರು,
ಯಾವ ಮನೆ, ಯಾವ ಒಲೆ, ಯಾರ ಹಾಸಿಗೆಗೆ ಗಾಳಿ ಬಡಿಯುತ್ತದೆ.
ಪತ್ರಿಕೆಯವರು ಹಿಂದಿರುಗಿಸಿದರು: ಸಂಖ್ಯೆ ಚಿಕ್ಕದು.
ಹಳ್ಳಿ ಇರುವುದೇ ಅಷ್ಟು ಎಂದು ಇವರು ಉತ್ತರ ಬರೆಸಿದರು.
ಆ ಪತ್ರವೂ ನನ್ನ ಟೈಪೇ.

ಆಮೇಲೆ ಮೀನು ಮುಗಿದ ವರ್ಷ.
ದೋಣಿಗಳು ದಡದಲ್ಲಿ ಬೋರಲು ಬಿದ್ದ ಬೇಸಿಗೆ.
ಬೆನ್ನುನೋವೆಂದು ಬಂದವರ ಬೆನ್ನು
ಎಕ್ಸ್‌ರೇಯಲ್ಲಿ ಹಲಗೆಯಷ್ಟು ನೆಟ್ಟಗಿತ್ತು.
ಮೇಲಿನ ಮಹಡಿಗಳು ಒಬ್ಬೊಬ್ಬರನ್ನೇ ಕೆಳಗೆ ಕಳಿಸಿದವು.
ಕುರ್ಚಿ ಸಾಲದೆ ಕೊಳೆಬಟ್ಟೆಯ ಮೂಟೆಗಳ ಮೇಲೆ ಕೂತರು,
ಸಾಬೂನಿನ ಹಬೆಯಲ್ಲಿ ಅವರ ಕೋಟುಗಳು ಉಪ್ಪು ಬಿಟ್ಟವು.
ಯಾರೂ ಹೆಚ್ಚು ಮಾತಾಡಲಿಲ್ಲ. ನರ್ಸು ಫಿಲೊಮಿನಾ
ಚಹಾದ ಲೆಕ್ಕವನ್ನು ಔಷಧದ ಖಾತೆಗೆ ಬರೆದಳು.

ಖರ್ಚು ಕಡಿತದ ಸಭೆಯೂ ಆಗಲೇ.
ಚರಿತ್ರೆಯಲ್ಲಿ ಇಲ್ಲೊಂದು ತೂತಿದೆ:
ನಡಾವಳಿ ಪುಸ್ತಕದಲ್ಲಿ ನೂರಹನ್ನೆರಡರ ನಂತರ ನೂರಹದಿನೈದು.
ಹೊಸ ಕಟ್ಟಡ, ಗಾಜು, ಮೂರನೆಯ ಮಹಡಿ, ಹಿತ್ತಾಳೆ ಫಲಕ,
ಅದೆಲ್ಲ ಎರಡನೆಯ ಪುಟದ ಕೊನೆಗೆ ಹಿಡಿಸಿತು.
ಬ್ಲಾಗ್ಡನ್ ತೀರಿಕೊಂಡ ತಾರೀಖು ಹಾಕಿದೆ,
ಟೋಪಿಯ ಮಾತು ಬಿಟ್ಟೆ.

ಮುಖ್ಯಸ್ಥೆ ಓದಿದರು, ಚೆನ್ನಾಗಿದೆ ಎಂದರು.
ಎದ್ದೆ. ಕೋಟಿನ ಗುಂಡಿ ಹಾಕಿದೆ.
ಬಾಗಿಲ ಹಿಡಿ ತಣ್ಣಗಿತ್ತು.
"ಅಂದಹಾಗೆ," ಎಂದೆ, "ಆವತ್ತು ಮುಚ್ಚೋಣವೆಂದು ಎದ್ದದ್ದು ಏಳು ಕೈ,
ಬೇಡವೆಂದು ಐದು.
ಸಹಿಯಾಗದ ಆ ಹಾಳೆ
ನಮ್ಮನೆ ಹಿಟ್ಟಿನ ಡಬ್ಬಿಯ ತಳದಲ್ಲಿದೆ.
ಎಲೆ ಉದುರುವವರೆಗೆ ಹುಡುಕಿದರು, ಅಷ್ಟರಲ್ಲಿ ಡೀನ್ ಬದಲಾದರು."

ಆಕೆ ಪೆನ್ನು ಕೆಳಗಿಟ್ಟರು.
ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡರು.