ಎರಡು ಡಿಗ್ರಿ

ಅಸಲ್ಫಾ ಗುಡ್ಡದ ನೆತ್ತಿಯಲ್ಲಿ ನಮ್ಮ ಟವರು.
ಮೂವತ್ತು ಮೆಟ್ಟಿಲಿಳಿದರೆ ಸುಂದರಿ ಬಂಗೇರರ ಖೋಲಿ.
ದೂರು ಅವರದ್ದೇ:
"ಕಂಬ ನನ್ನ ತಲೆಯ ಮೇಲೆ,
ಮಾತು ಸಾಕಿನಾಕಾದವರಿಗೆ."

ದೀಪದ ಬುಡದಲ್ಲಿ ಕತ್ತಲೆ, ಅಂದೆ.
ನಗಲಿಲ್ಲ.
"ಕತ್ತಲೆಗೂ ಬಿಲ್ಲು ಬರುತ್ತದಲ್ಲ?"

ನಸುಕು ನಾಲ್ಕೂವರೆಗೆ ಎರಡು ಫೋನು, ಒಂದು ಲ್ಯಾಪ್‌ಟಾಪು ಹರವಿ ಕೂತೆ.
ಜನ ಏಳುವ ಮುನ್ನ ಅಳೆಯಬೇಕು, ಎದ್ದ ಮೇಲೂ.
ಹದಿನೈದು ಮೆಗಾಹರ್ಟ್ಸ್, ಎರಡು ಸಾವಿರ ಬಾಯಿ.
ಇರುವುದಿಷ್ಟೇ ಗಾಳಿ. ಇದನ್ನೇ ಕೊಯ್ದು ಕೊಯ್ದು
ಮಿಲಿಸೆಕೆಂಡಿಗೊಮ್ಮೆ ಬಡಿಸಬೇಕು:
ಮಾತಿಗೆ ಮೊದಲು, ತಡವಾದರೆ ಅದು ಹಳಸುತ್ತದೆ.
ಸಿನಿಮಾಕ್ಕೆ ಆಮೇಲೆ, ಅದರ ದವಡೆಯಲ್ಲಿ
ಮುಂದಿನ ತುತ್ತು ಆಗಲೇ ಇರುತ್ತದೆ.
ಯಾರದೋ ಮದುವೆಯ ನಾನೂರು ಫೋಟೊ
ಕೊನೆಯ ಪಂಕ್ತಿಗೆ.

ಐದೂ ಹತ್ತಕ್ಕೆ ನೀರು ಬಂತು.
ಒಂದೇ ನಲ್ಲಿ. ನಲವತ್ತು ನಿಮಿಷ.
ಮೂವತ್ತೊಂದು ಮನೆಯ ಕೊಡ, ಬಕೇಟು, ಪೇಂಟಿನ ಡಬ್ಬ.
ಸುಂದರಿಯಕ್ಕ ಕಟ್ಟೆ ಹತ್ತಿ
ತುಳು, ಮರಾಠಿ, ಹಿಂದಿ, ಬಾಯಿಗೆ ಬಂದದ್ದರಲ್ಲಿ ಕೂಗುತ್ತಾರೆ:
ಬಾಣಂತಿ ಮನೆಯ ಕೊಡ ಮುಂದೆ ಬರಲಿ!
ಕೇಟರಿಂಗಿನವನ ಡ್ರಮ್ಮು ಹಿಂದೆ,
ನಡುನಡುವೆ ಒಂದೊಂದು ಚೊಂಬು ಸಾಕು, ಸತ್ತುಹೋಗಲ್ಲ.
ನಸೀಮಾಳ ಪೈಪು ಉದ್ದ, ನೀರು ಬೆರಳಷ್ಟು.
ಅವಳ ಒಂದು ಕೊಡದ ಹೊತ್ತಿಗೆ ಬೇರೆಯವರದ್ದು ಮೂರು ತುಂಬೀತು.
"ತುಂಬಲಿ. ನಿನ್ನೆ ಅವಳಿಗೆ ಸಿಕ್ಕಿಲ್ಲ."

ನಮ್ಮಲ್ಲಿ ಇದಕ್ಕೊಂದು ಸೂತ್ರವಿದೆ.
ಮೇಲೆ, ಈಗ ಎಷ್ಟು ಹಿಡಿಸೀತು ಎಂಬುದು;
ಕೆಳಗೆ, ಇಲ್ಲಿಯವರೆಗೆ ಎಷ್ಟು ಸಿಕ್ಕಿತು ಎಂಬುದು.
ಸಂಬಳ ಕೊಟ್ಟು ಕಲಿಸಿದರು ನನಗೆ.
ಅಕ್ಕ ಎಲ್ಲಿ ಕಲಿತರೆಂದು ಕೇಳಬೇಕೆಂದಿದ್ದೆ,
ಅಷ್ಟರಲ್ಲಿ ನೀರು ನಿಂತಿತು.
ಇಬ್ಬರು ಜುಟ್ಟು ಹಿಡಿದುಕೊಂಡರು.
ಅಕ್ಕನ ಸ್ವಂತ ಕೊಡ ಅರ್ಧಕ್ಕೇ ಉಳಿದಿತ್ತು.

ಏಳಕ್ಕೆ ರಿಗ್ಗರ್ ಭಿಕು ಘೋಗಳೆ ಬೀಡಿ ಆರಿಸಿ ಮೇಲೆ ಹತ್ತಿದ.
ಸ್ಪ್ಯಾನರಿನ ಕಿರ್ರು.
ಆಂಟೆನಾ ಮೂಗು ಬಗ್ಗಿಸಿತು, ಎರಡು ಡಿಗ್ರಿ.
ಅಕ್ಕ ಕಾಪುವಿನ ತಂಗಿಗೆ ಫೋನು ಮಾಡಿ
ಹತ್ತು ನಿಮಿಷ ಬಂಗುಡೆಯ ರೇಟು ಮಾತಾಡಿದರು,
ಒಮ್ಮೆಯೂ "ಹಲೋ, ಕೇಳ್ತದಾ" ಅನ್ನದೆ.

ಪರದೆಯ ಮೇಲೆ, ಸಾಕಿನಾಕಾದ ಅಂಚಿನಲ್ಲಿ
ಹಸಿರಿದ್ದ ಒಂದು ಚುಕ್ಕಿ ಹಳದಿಯಾಯಿತು.
ಅಂಗಡಿಯೋ, ತೊಟ್ಟಿಲೋ, ರಾತ್ರಿಪಾಳಿ ಮುಗಿಸಿ ಮಲಗಿದವನೋ,
ಚುಕ್ಕಿ ಹೇಳುವುದಿಲ್ಲ.

ಚಹಾ ತಂದಿಟ್ಟರು ಅಕ್ಕ.
ಭುಜದ ಮೇಲಿಂದ ಬಗ್ಗಿ ನೋಡಿದರು.
"ಯಾರ ಕೊಡದ್ದು ತೆಗೆದೆ, ಮಗಾ?"

ಚಹಾ ಬಿಸಿಯಿತ್ತು. ಊದುತ್ತ ಕೂತೆ.