ಎಳೆದವರು

ಬಿಲ್ಬಾವೊದ ನೆಲಮಾಳಿಗೆ. ಮೇಲೆ ಬೀದಿಯಲ್ಲಿ ಸಿರಿಮಿರಿ,
ಇಲ್ಲಿಯವರು ಜಿನುಗಿಗೆ ಇಟ್ಟ ಹೆಸರು:
ಕೊಡೆ ಬಿಚ್ಚಲು ನಾಚಿಕೆ, ಬಿಚ್ಚದಿದ್ದರೆ ಕೆಮ್ಮು.
ಕೆಳಗೆ ಕುಲುಮೆಯ ಮಗ್ಗುಲಲ್ಲಿ ಕೋಲ್ದೊ.
ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕೋಲು, ನೀರಿನಷ್ಟು ತಿಳಿ ಇರಬೇಕಾದದ್ದು,
ಎರಡು ಬಣ್ಣ ಕುಡಿದು ಕೂತಿದೆ:
ಒಂದು ಹಳದಿಗೆ ಒಲಿದದ್ದು, ಇನ್ನೊಂದು ಕೆಂಪಿಗೆ.
ಬಿಸಿಗೆ ಅದರ ತುದಿ ಮೊದಲು ಬೆವರುತ್ತದೆ,
ಆಮೇಲೆ ಹಟ ಬಿಡುತ್ತದೆ,
ಆಮೇಲೆ ತನ್ನ ಭಾರಕ್ಕೆ ತಾನೇ ನೂಲಾಗಿ ಇಳಿಯುತ್ತದೆ.

ಅವನು ಪರದೆ ನೋಡುವುದಿಲ್ಲ.
ಎರಡು ಬೆರಳ ನಡುವೆ ನೂಲನ್ನು ಓಡಬಿಟ್ಟು
"ದಪ್ಪ" ಅನ್ನುತ್ತಾನೆ.
ಐದು ಸೆಕೆಂಡು ತಡೆದು ಪರದೆಯೂ ಅದನ್ನೇ ಅನ್ನುತ್ತದೆ.
ಬೆರ್ಮಿಯೊದಲ್ಲಿ ಇಪ್ಪತ್ತಾರು ವರ್ಷ ಗಾಳದ ನೂಲು ಎಳೆದವನು;
ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿ.
"ಅಲ್ಲಿ ಮೀನಿಗೆ ಕಾಣಬಾರದು ಅಂತ ಎಳೆಯುತ್ತಿದ್ದೆ,
ಇಲ್ಲಿ ಕಾಣಲಿ ಅಂತ."
ಇಷ್ಟೇ ಅವನ ಆತ್ಮಚರಿತ್ರೆ.

ನನ್ನದು ಕತ್ತಲ ಕೋಣೆ. ನೂಲಿನ ಪಕ್ಕೆಗೆ ಹಸಿರು ಲೇಸರ್ ಚುಚ್ಚುವ ಕೆಲಸ.
ತುದಿಯ ಹತ್ತಿರ ಚುಚ್ಚಿದರೆ ತುದಿಯಲ್ಲಿ ನಿಂಬೆ.
ಗೇಣು ಹಿಂದಕ್ಕೆ: ಜೇನು.
ಮಾರು ಹಿಂದಕ್ಕೆ: ದಾಳಿಂಬೆ.
ದೂರ ನಡೆದ ಬೆಳಕು ಕೆಂಪಾಗಿ ಬಂದು ಮುಟ್ಟುತ್ತದೆ,
ಹಳದಿಯನ್ನು ದಾರಿಯಲ್ಲಿ ಯಾರೋ ಕುಡಿದಿರುತ್ತಾರೆ.
ಅದು ಸುಲಭದ ಲೆಕ್ಕ. ಒಬ್ಬ ಎಸೆದ, ಇನ್ನೊಬ್ಬ ಹಿಡಿದ.

ನಾನು ಹುಡುಕುವುದು ಎಸೆಯದೆ ಕೊಟ್ಟದ್ದನ್ನು.
ಬೆಳಕು ಎಂಬ ಹೆಸರು ಬರುವ ಮೊದಲೇ
ಹಳದಿಯ ಅಣು ತನ್ನ ಮೈಗೇರಿದ ಹುರುಪನ್ನು
ಪಕ್ಕದ ಕೆಂಪಿಗೆ ದಾಟಿಸಿಬಿಡುತ್ತದಲ್ಲ, ಅದನ್ನು.
ಪಕ್ಕ ಅಂದರೆ ಪಕ್ಕವೇ: ಅಂತರ ಇಮ್ಮಡಿಯಾದರೆ
ದಾಟುವ ವೇಗ ಅರವತ್ತನಾಲ್ಕರಲ್ಲಿ ಒಂದು ಪಾಲು.
ತೀರ ಅಂಟಿಕೊಂಡರೋ, ಇಬ್ಬರೂ ಕಂದಿಹೋದಾರು.
ಇಷ್ಟಾಗಿ, ನೂಲು ತಣಿದ ಮೇಲೆ ಜಾಗ ಬದಲಿಸುವಂತಿಲ್ಲ;
ಯಾರ ಮಗ್ಗುಲಲ್ಲಿ ಯಾರು ಗಟ್ಟಿಯಾದರೋ ಅದೇ ನೆರೆಹೊರೆ.

"ಕಾಣದ್ದನ್ನು ಹೇಗೆ ಹಿಡಿಯುತ್ತೀ, ಗರಾಸಿ?"
ಕೋಲ್ದೊ ಕೇಳಿದ, ಬಾಯಲ್ಲಿ ಆಲೂಗಡ್ಡೆ ಆಮ್ಲೆಟ್ಟಿನ ತುಂಡು.
"ಕೊಟ್ಟವನ ಆಯಸ್ಸು ಅಳೆದು."
ಒಂಟಿ ಹಳದಿ ನಾಲ್ಕು ನ್ಯಾನೊಸೆಕೆಂಡು ಬಾಳುತ್ತದೆ,
ಕೆಂಪು ಪಕ್ಕದಲ್ಲಿದ್ದರೆ ಎರಡೂವರೆ.
ಆ ಒಂದೂವರೆಯೇ ಸಾಕ್ಷಿ. ಬೇರೆ ರಸೀದಿ ಇಲ್ಲ.
ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ.
"ಪಾಪ" ಅಂದ.
ಯಾರಿಗೆ ಅಂತ ಹೇಳಲಿಲ್ಲ.

ಜೂನ್‌ಗೆ ಅವನ ನಿವೃತ್ತಿ.
ಕಲಿಸು ಅಂದರೆ, "ಕಲಿಸುವುದೇನಿದೆ? ಇಲ್ಲಿ ನಿಲ್ಲು."
ನಿಂತೆ. ಚಳಿಗಾಲವಿಡೀ ನಿಂತೆ.
ನನ್ನ ಮೊಣಕೈ ತಾಗಿದಾಗೆಲ್ಲ ಬೈದ,
ಸರಿದು ನಿಂತರೆ ಅದಕ್ಕೂ ಬೈದ.

ಮೇ ತಿಂಗಳ ಒಂದು ಮಂಗಳವಾರ ಸಿಗರೇಟಿಗೆ ಮೇಲೆ ಹೋದ.
ನೂಲು ನನ್ನ ಬೆರಳ ನಡುವೆ ಓಡುತ್ತಿತ್ತು,
ಬೆಚ್ಚಗೆ, ಬೆಕ್ಕಿನ ಮೀಸೆಯ ಹಾಗೆ.
"ದಪ್ಪ" ಅಂದೆ.
ಕೋಣೆಯಲ್ಲಿ ಯಾರೂ ಇರಲಿಲ್ಲ.
ಚಕ್ರದ ವೇಗ ಒಂದು ಕೂದಲಷ್ಟು ಏರಿಸಿದ ಮೇಲೆ
ಪರದೆಗೆ ಗೊತ್ತಾಯಿತು.

ಬಂದವನ ತಲೆಯೆಲ್ಲ ಸಿರಿಮಿರಿ.
ಸುರುಳಿ ನೋಡಿದ. ನನ್ನನ್ನು ನೋಡಲಿಲ್ಲ.
ಹೆಬ್ಬೆರಳನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು
ದಾಖಲೆ ಪುಸ್ತಕದಲ್ಲಿ ತಾರೀಕು ಬರೆದ, ಉದ್ದ ಬರೆದ,
"ಎಳೆದವರು" ಎಂಬಲ್ಲಿ ಪೆನ್ನು ತಡೆದು
ಖಾಲಿ ಬಿಟ್ಟ.

ಆ ಸುರುಳಿ ನನ್ನ ಮೇಜಿನ ಖಾನೆಯಲ್ಲಿದೆ.
ಇನ್ನೂ ಅಳೆದಿಲ್ಲ.